ಮೆಣಸು ಇಳಿದ ದಾರಿ

ಗುರುವಾರ, ಉಳ್ಳಾಲ

1623ರ ಅಕ್ಟೋಬರಿನಲ್ಲಿ ಗೋವೆಯಿಂದ ಒಂದು ಪೋರ್ಚುಗೀಸ್ ರಾಯಭಾರ ಇಕ್ಕೇರಿಗೆ ಹೊರಟಿತು. ಅದರ ಜತೆಗೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಸಿರಿವಂತನೊಬ್ಬ ಅಂಟಿಕೊಂಡಿದ್ದ. ಅವನಿಗೆ ವ್ಯಾಪಾರ ಇರಲಿಲ್ಲ, ಮತಪ್ರಚಾರದ ಉಸಾಬರಿಯೂ ಇರಲಿಲ್ಲ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ಶವವನ್ನು ರೋಮಿಗೆ ಒಯ್ದು ಮಣ್ಣು ಮಾಡಬೇಕೆಂದು ಹೊರಟವನು, ದಾರಿಯಲ್ಲಿ ಹಿಂದೂಸ್ಥಾನವನ್ನೂ ನೋಡಿಬಿಡೋಣ ಎಂದು ಬಂದಿದ್ದ. ಕಂಡದ್ದನ್ನೆಲ್ಲ ಗೆಳೆಯನಿಗೆ ಪತ್ರ ಬರೆಯುವುದು ಅವನ ಚಟ. ಹೊನ್ನಾವರ, ಗೇರುಸೊಪ್ಪೆ, ಇಕ್ಕೇರಿ, ಮಂಗಳೂರು ಎಲ್ಲವೂ ಆ ಪತ್ರಗಳಲ್ಲಿವೆ.

ನಾವು ಹಿಡಿದದ್ದು ಅವನ ದಾರಿಯನ್ನೇ, ಒಂದಿಷ್ಟು ಹಿಂದೆಮುಂದೆ ಮಾಡಿಕೊಂಡು. ಕರಾವಳಿಯ ಹಳೆ ಬಂದರುಗಳನ್ನು ತೆಂಕಣದಿಂದ ಬಡಗಣಕ್ಕೆ ನೋಡುತ್ತ ಹೋಗುವುದು, ಗೇರುಸೊಪ್ಪೆಯಲ್ಲಿ ಘಟ್ಟ ಹತ್ತುವುದು, ಹುಲಿಕಲ್ಲಿನಲ್ಲಿ ಇಳಿಯುವುದು. ಕಾರು ಗೆಳೆಯನದು, ದಾರಿಯ ಹಟ ನನ್ನದು.

ಉಳ್ಳಾಲದಲ್ಲಿ ಅಬ್ಬಕ್ಕನ ಹೆಸರು ಎಲ್ಲ ಕಡೆ ಇದೆ. 2003ರಲ್ಲಿ ಅಂಚೆಚೀಟಿ ಬಂತು, ಕರಾವಳಿ ಕಾವಲು ಪಡೆಯ ಹಡಗೊಂದಕ್ಕೂ ಅವಳ ಹೆಸರಿದೆ. ಚಿತ್ರಗಳಲ್ಲೆಲ್ಲ ಅವಳು ಕತ್ತಿ ಎತ್ತಿದ ವೀರಮಾತೆ. ನನಗೆ ಇಷ್ಟವಾದ ಉಳ್ಳಾಲದ ರಾಣಿ ಬೇರೆ. ದೆಲ್ಲಾ ವಾಲ್ಲೆ 1623ರ ಡಿಸೆಂಬರಿನಲ್ಲಿ ಮಂಗಳೂರಿನ ಹತ್ತಿರದ ಮನೇಲಿನಲ್ಲಿ ಅವಳನ್ನು ಕಂಡದ್ದು ಬಜಾರಿನ ಬೀದಿಯಲ್ಲಿ. ಬರಿಗಾಲು, ಸೊಂಟಕ್ಕೆ ಸುತ್ತಿದ ದಪ್ಪ ಬಟ್ಟೆ, ಬಿಸಿಲಿಗೆ ಹಿಡಿದ ಎಲೆಯ ಕೊಡೆ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ಹೊರಟಿದ್ದಳು. ಅಡುಗೆಮನೆಯ ಆಳೋ ಬಟ್ಟೆ ಒಗೆಯುವವಳೋ ಅನ್ನಿಸಿತು, ಬಾಯಿ ತೆರೆದಾಗ ಮಾತ್ರ ರಾಣಿ ಎಂದು ಗೊತ್ತಾಯಿತು ಎಂಬ ಅರ್ಥದ ಮಾತು ಬರೆದಿದ್ದಾನೆ. 1560ರ ದಶಕದಲ್ಲಿ ಪೋರ್ಚುಗೀಸರ ಜತೆ ಕಾದಿದವಳೇ ಇವಳೋ, ಅದೇ ಹೆಸರಿನ ಮುಂದಿನ ಪೀಳಿಗೆಯವಳೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಉಳ್ಳಾಲವನ್ನಾಳಿದ ಚೌಟರದು ಅಳಿಯಸಂತಾನ, ಅಧಿಕಾರ ಹೆಣ್ಣಿನ ಕಡೆಯಿಂದ ಇಳಿಯುವ ಮನೆತನದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದು ಸಹಜ.

ಅವಳ ಜಗಳ ಪೋರ್ಚುಗೀಸರ ಜತೆಗೆ ಮಾತ್ರ ಇರಲಿಲ್ಲ. ಬಿಟ್ಟುಬಂದ ಗಂಡ ಬಂಗರಸ ಪೋರ್ಚುಗೀಸರನ್ನು ಕರೆದ. ಇವಳು ಘಟ್ಟದ ಮೇಲೆ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿ ಮನೆತನದ ವೆಂಕಟಪ್ಪನಾಯಕನನ್ನು ಕರೆದಳು. ನಾಯಕನ ಸೈನ್ಯ ಇಳಿದು ಬಂಗರ ಕೋಟೆ ಹಿಡಿಯಿತು, ಅಡ್ಡ ಬಂದ ಪೋರ್ಚುಗೀಸರಿಗೂ ಪೆಟ್ಟು ಬಿತ್ತು. ದೆಲ್ಲಾ ವಾಲ್ಲೆ ಜತೆಗೂಡಿದ್ದ ರಾಯಭಾರ ಹೊರಟದ್ದೇ ಈ ಬಂಗರಸನ ಪರವಾಗಿ ಚೌಕಾಸಿ ಮಾಡಲು. ಗಂಡಹೆಂಡಿರ ವ್ಯಾಜ್ಯ ಲಿಸ್ಬನ್ನಿನ ಕಡತ ಸೇರಿದ ಬಗೆ ಇದು.

ಸೋಮೇಶ್ವರದ ಬಂಡೆಗಳ ಮೇಲೆ ಕೂತು ಗೆಳೆಯನಿಗೆ ಇಷ್ಟು ಹೇಳಿದೆ. "ಹಾಗಾದ್ರೆ ಯಾರು ಯಾರ ಕಡೆ?" ಎಂದ. ಅದನ್ನು ನೋಡಲಿಕ್ಕೇ ತಾನೇ ಹೊರಟದ್ದು, ಎಂದೆ.

ಶುಕ್ರವಾರ, ಬಸರೂರು

ಕುಂದಾಪುರದಿಂದ ಒಳಗೆ ತಿರುಗಿ ಆರೇಳು ಕಿಲೋಮೀಟರ್ ಹೋದರೆ ಬಸರೂರು. ಹೊಳೆ, ತೆಂಗು, ಕೊಯ್ಲಾದ ಗದ್ದೆ, ಅಡಿಗಡಿಗೆ ದೇವಸ್ಥಾನ. ಇದು ಒಂದು ಕಾಲಕ್ಕೆ ಹೊರ್ಮುಜ್, ಮಸ್ಕತ್‌ಗಳಿಗೆ ಅಕ್ಕಿ ಕಳಿಸುತ್ತಿದ್ದ ಬಂದರು ಎಂದರೆ ನಂಬುವುದು ಕಷ್ಟ. ಸಮುದ್ರವೇ ಕಾಣುವುದಿಲ್ಲ. ಆದರೆ ಹಳೆಯ ಬಂದರುಗಳು ಇರುತ್ತಿದ್ದದ್ದೇ ಹೀಗೆ. ಕಡಲಿನ ಗಾಳಿ ತಾಗದಂತೆ, ಕಡಲುಗಳ್ಳರಿಗೆ ಸಿಗದಂತೆ, ಭರತದ ನೀರು ಹಿಡಿದು ದೋಣಿ ಒಳಗೆ ಬರುವಷ್ಟು ದೂರದಲ್ಲಿ.

ಮಹಾಲಿಂಗೇಶ್ವರ ದೇವಸ್ಥಾನದ ಅಂಗಳದಲ್ಲಿ ಶಾಸನದ ಕಲ್ಲುಗಳಿವೆ. ವಿಜಯನಗರ ಕಾಲದ ಇಲ್ಲಿನ ಶಾಸನಗಳಲ್ಲಿ ಪಡುಕೇರಿಯ ಹಲರು, ಮೂಡುಕೇರಿಯ ಹಲರು ಎಂದು ಮತ್ತೆ ಮತ್ತೆ ಬರುತ್ತದೆ. ಹಲರು ಎಂದರೆ ಊರಿನ ಆಡಳಿತ ನೋಡುತ್ತಿದ್ದ ಪ್ರಮುಖರ ಕೂಟ. ಕರಾವಳಿಯ ಬೇರೆ ಶಾಸನಗಳಲ್ಲಿ ನಖರ, ಹಂಜಮಾನ ಎಂಬ ವರ್ತಕ ಸಂಘಗಳೂ ಕಾಣುತ್ತವೆ. ಹಂಜಮಾನದವರು ಮುಸ್ಲಿಂ ವರ್ತಕರು. ರಾಜ ದೂರದಲ್ಲಿದ್ದ, ಅವನ ರಾಜ್ಯಪಾಲ ಬಾರಕೂರಿನಲ್ಲಿದ್ದ, ಅಂಗಡಿಬೀದಿ ಇವರ ಕೈಯಲ್ಲಿತ್ತು. ದಾನ ಕೊಡುವವರು ಅವರೇ, ಸುಂಕದ ತಕರಾರು ಎತ್ತುವವರೂ ಅವರೇ.

ಇಂಥ ಊರಿಗೆ ಪೋರ್ಚುಗೀಸರು ಬಂದಾಗ ಏನಾಯಿತು? ಅವರ ಆಯುಧ ಫಿರಂಗಿ ಒಂದೇ ಆಗಿರಲಿಲ್ಲ, ಒಂದು ಚೀಟಿಯೂ ಆಗಿತ್ತು. ಕಾರ್ತಾಜ್ ಎಂಬ ಆ ಪರವಾನಗಿ ಇಲ್ಲದೆ ಯಾವ ಹಡಗೂ ಅರಬ್ಬೀ ಸಮುದ್ರದಲ್ಲಿ ಓಡಾಡುವಂತಿರಲಿಲ್ಲ. ಚೀಟಿಯಲ್ಲಿ ಹಡಗಿನ ಗಾತ್ರ, ನಾಖೋದನ, ಎಂದರೆ ಹಡಗಿನ ಮುಖ್ಯಸ್ಥನ, ಹೆಸರು, ಹೋಗುವ ಊರು, ತುಂಬಬಾರದ ಸರಕು ಎಲ್ಲ ಬರೆದಿರುತ್ತಿತ್ತು. ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕು ಜಪ್ತಿ, ಜನ ಸೆರೆ. ಶತಮಾನಗಳಿಂದ ಯಾರನ್ನೂ ಕೇಳದೆ ಓಡಾಡಿದ ನೀರಿನಲ್ಲಿ ಓಡಾಡಲು ಈಗ ಅಪ್ಪಣೆ ಬೇಕು, ಅಪ್ಪಣೆಗೆ ದುಡ್ಡು ಬೇಕು. ಶುದ್ಧ ಹಫ್ತಾ ವಸೂಲಿ; ಮೊಹರು ಇತ್ತು ಎಂಬುದಷ್ಟೇ ಮರ್ಯಾದೆ.

1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ ಮತ್ತು ಬಸರೂರು. ಎರಡೇ ವರ್ಷದಲ್ಲಿ ಮೂರು ಕೋಟೆ. 1565ರಲ್ಲಿ ವಿಜಯನಗರ ಬಿದ್ದು ಇಲ್ಲಿನ ಸಣ್ಣ ಅರಸರಿಗೆ ಮೇಲೆ ನೋಡಿಕೊಳ್ಳುವವರು ಇಲ್ಲವಾದ ಹೊತ್ತು ಅದು. ಬಸರೂರಿನಲ್ಲಿ ಕೋಟೆ ಕಟ್ಟಿದ್ದು ಹೊಳೆಯ ಕೆಳಭಾಗದಲ್ಲಿ. ಅಂದಿನಿಂದ ಪೋರ್ಚುಗೀಸ್ ದಾಖಲೆಗಳಲ್ಲಿ ಎರಡು ಬಸರೂರು: ಕೆಳಗಿನದು ಅವರದು, ಮೇಲಿನದು ನಮ್ಮ ಶೆಟ್ಟರದು. ಮೇಲಿನವರು ಕೆಳಗಿನವರಿಗೆ ಕಪ್ಪ ಕೊಟ್ಟರು, ಅಕ್ಕಿ ಮಾರಿದರು, ಚೀಟಿಯನ್ನೂ ಪಡೆದರು. ಚೀಟಿ ಇಲ್ಲದೆ ರಾತ್ರಿ ದೋಣಿ ಬಿಡುವುದನ್ನೂ ಬಿಡಲಿಲ್ಲ. ಅಕ್ಕಿ ನಿಂತರೆ ಗೋವೆಯಲ್ಲಿ ಒಲೆ ಉರಿಯುವುದಿಲ್ಲ ಎಂಬುದು ಎರಡೂ ಬಸರೂರಿಗೆ ಗೊತ್ತಿತ್ತು. ಕೋಟೆಯೊಳಗಿನವನು ಉಣ್ಣುವ ಅಕ್ಕಿ ಕೋಟೆಯ ಹೊರಗಿನವನದು ಎಂದ ಮೇಲೆ ಕೋಟೆ ಎಷ್ಟು ದಪ್ಪವಿದ್ದರೇನು?

ಆ ಕೋಟೆ ಎಲ್ಲಿ ಎಂದು ಚಹಾದಂಗಡಿಯಲ್ಲಿ ಕೇಳಿದೆ. ಬೀಡಿ ಹಚ್ಚುತ್ತಿದ್ದ ಹಿರಿಯರು ನಕ್ಕರು. "ಕೋಟಿ ಕಾಂಬುಕ್ ಬಂದದ್ದಾ? ಕೋಟಿ ಹೆಸ್ರಲ್ ಮಾತ್ರ ಇತ್ತ್ ಮರಾಯ್ರೆ!" ಅದು ನಿಜ. ಹೊಳೆದಂಡೆಯಲ್ಲಿ ತೆಂಗಿನ ತೋಟ ನೋಡಿ ಬಂದೆವು. ಕಲ್ಲುಗಳು ಯಾರ ಮನೆಯ ಪಂಚಾಂಗ ಸೇರಿವೆಯೋ.

ಬಸರೂರು ಎಂದರೆ ಈಗ ಹೆಚ್ಚಾಗಿ ಕೇಳಿಬರುವುದು ಶಿವಾಜಿಯ ಹೆಸರು. 1665ರ ಫೆಬ್ರವರಿಯಲ್ಲಿ ಅವನು ಹಡಗುಪಡೆಯೊಂದಿಗೆ ಇಲ್ಲಿಗೆ ಬಂದದ್ದು ಹೌದು. ಆದರೆ ಅದನ್ನು ಪೋರ್ಚುಗೀಸರಿಂದ ಬಿಡುಗಡೆ ಎಂದು ಬಣ್ಣಿಸುವುದು ಸರಿಯಲ್ಲ. 1650ರ ದಶಕದಲ್ಲೇ ಕೆಳದಿಯ ಶಿವಪ್ಪನಾಯಕ ಬಸರೂರು, ಹೊನ್ನಾವರ, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಓಡಿಸಿಯಾಗಿತ್ತು. ಶಿವಾಜಿ ಬಂದದ್ದು ಸಿರಿವಂತ ಕೆಳದಿ ಬಂದರಿನ ಮೇಲೆ, ಒಯ್ದದ್ದು ಇಲ್ಲಿನ ವರ್ತಕರ ಐಶ್ವರ್ಯವನ್ನು. ಹಿಂದಿರುಗುವಾಗ ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಿದ, ಕಾರವಾರದ ಇಂಗ್ಲಿಷರ ವ್ಯಾಪಾರದ ಕೋಠಿಯಿಂದ 112 ಪೌಂಡ್ ವಂತಿಗೆ ಎತ್ತಿದ. ದೊಡ್ಡವನು ದೊಡ್ಡವನೇ; ಆದರೆ ಲೂಟಿಯಾದವರ ಊರಲ್ಲಿ ನಿಂತು ಲೂಟಿಯ ಜಯಂತಿ ಆಚರಿಸುವುದು ನನಗೆ ಒಗ್ಗುವುದಿಲ್ಲ.

ರಾತ್ರಿ ಕುಂದಾಪುರದಲ್ಲಿ ಕೋಳಿ ರೊಟ್ಟಿ. ಸಾರಿಗೆ ಹಾಕಿದ ಒಳ್ಳೆಮೆಣಸು ಕೆಂಪುಮೆಣಸಿನ ಅಡಿಯಲ್ಲಿ ಹೂತುಹೋಗಿತ್ತು. ಆ ಕೆಂಪು ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಲ್ಲೇ ಬಂದದ್ದು. ಎರಡನೇ ರೊಟ್ಟಿಯ ಹೊತ್ತಿಗೆ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿದಿತ್ತು.

ಶನಿವಾರ, ಭಟ್ಕಳ ಮತ್ತು ಹೊನ್ನಾವರ

ಭಟ್ಕಳದಲ್ಲಿ ನಿಂತದ್ದು ಖೇತಪೈ ನಾರಾಯಣ ದೇವಸ್ಥಾನಕ್ಕಾಗಿ. ಹದಿನಾರನೇ ಶತಮಾನದಲ್ಲಿ ವರ್ತಕನೊಬ್ಬ ಕಟ್ಟಿಸಿದ್ದು. ಹೊರಗೋಡೆಯ ಸುತ್ತ ರಾಮಾಯಣ, ಬೊಗಸೆಯಷ್ಟಗಲದ ಚೌಕಗಳಲ್ಲಿ. ವಾನರರು ಸೇತುವೆಗೆ ಕಲ್ಲು ಹೊರುವುದನ್ನು ನೋಡಿ ಬಂದರಿನ ಹಮಾಲರ ನೆನಪಾಯಿತು. ಶಿಲ್ಪಿ ನೋಡಿದ್ದೂ ಅವರನ್ನೇ ಇರಬೇಕು.

ಅರಬ್ಬೀ ಕುದುರೆ ಇಲ್ಲಿ ಇಳಿದು ವಿಜಯನಗರಕ್ಕೆ ನಡೆಯುತ್ತಿತ್ತು. 1510ರಲ್ಲಿ ಗೋವೆ ಹಿಡಿದ ಮೇಲೆ ಪೋರ್ಚುಗೀಸರು ಕುದುರೆ ಹಡಗುಗಳನ್ನೆಲ್ಲ ಅಲ್ಲಿಗೇ ತಿರುಗಿಸಿದರು. 1547ರಲ್ಲಿ ವಿಜಯನಗರವೇ ಅವರ ಜತೆ ಒಪ್ಪಂದ ಮಾಡಿಕೊಂಡು, ಗೋವೆಗೆ ಬಂದ ಕುದುರೆ ಬಿಜಾಪುರಕ್ಕೆ ಸಿಗದೆ ತನಗೇ ಸಿಗುವಂತೆ ನೋಡಿಕೊಂಡಿತು. ಭಟ್ಕಳದ ಬಗ್ಗೆ ಹಂಪಿಯಲ್ಲಿ ಯಾರಿಗೂ ಕಣ್ಣೀರು ಬರಲಿಲ್ಲ. ಅದಕ್ಕೂ ಮೊದಲು, 1542ರಲ್ಲಿ, ಕಪ್ಪ ಬಾಕಿ ಎಂಬ ನೆಪದಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜ ಈ ಊರನ್ನು ಸುಟ್ಟು ಸೂರೆ ಮಾಡಿದ್ದ.

ಭಟ್ಕಳದ ಇನ್ನೊಂದು ಕತೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕ ಹೇಳಿದ್ದು. 1670ರಲ್ಲಿ ಇಲ್ಲಿದ್ದ ಇಂಗ್ಲಿಷ್ ಕೋಠಿಯವರ ಬುಲ್‌ಡಾಗ್ ದೇವಸ್ಥಾನದ ಹಸುವನ್ನು ಕೊಂದಿತಂತೆ, ರೊಚ್ಚಿಗೆದ್ದ ಜನ ಕೋಠಿಯವರನ್ನೆಲ್ಲ ಕೊಂದರಂತೆ. ಸಾಮ್ರಾಜ್ಯಕ್ಕೆ ಅಡ್ಡಿ ಏನೆಲ್ಲ ರೂಪದಲ್ಲಿ ಬರುತ್ತದೆ ನೋಡಿ.

ಮಧ್ಯಾಹ್ನ ಬಿರಿಯಾನಿ ಉಂಡು ಹೊರಟು, ಶರಾವತಿ ಸೇತುವೆ ದಾಟುವಾಗ ಸಂಜೆ. ಹೊಳೆ ಇಲ್ಲಿ ಹೊಳೆಯಂತಿಲ್ಲ, ಕೊಲ್ಲಿಯಂತಿದೆ. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಬಂದಾಗ ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವೆಂದು ಬರೆದಿದ್ದಾನೆ. ಪೋರ್ಚುಗೀಸರು ಇಲ್ಲಿ 1505ರಲ್ಲೇ ಹಡಗುಗಳಿಗೆ ಬೆಂಕಿ ಇಟ್ಟರು. ಅಂಥ ಊರಿನ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, ಐದು ವರ್ಷದಲ್ಲಿ ಅವರಿಗೇ ದಾರಿ ತೋರಿದ. ಗೋವೆಯನ್ನು ಈಗ ಹಿಡಿಯಬಹುದು ಎಂದು ಅವರ ಗವರ್ನರ್ ಅಲ್ಬುಕರ್ಕನ ಕಿವಿಗೆ ಹಾಕಿದವನು ಅವನೇ. ಬಿಜಾಪುರದವರು ಹೊರಟುಹೋದರೆ ಗೋವೆ ತನ್ನ ಕೈಗೆ ಬಂದೀತೆಂಬ ಲೆಕ್ಕ. ಸಿಕ್ಕಿದ್ದು ಕಂದಾಯ ವಸೂಲಿಯ ಗುತ್ತಿಗೆ, ಅದೂ ಹೆಚ್ಚು ದಿನ ಉಳಿಯಲಿಲ್ಲ. ಅವನನ್ನು ದ್ರೋಹಿ ಎಂದು ಬಯ್ಯುವುದು ಸುಲಭ. ಆದರೆ ಅವನ ಕಣ್ಣಿಗೆ ಬಿಜಾಪುರವೂ ಹೊರಗಿನದೇ, ಲಿಸ್ಬನ್ನೂ ಹೊರಗಿನದೇ. 'ನಾವು' ಎಂಬುದರ ಗಡಿ ಆಗ ಹೊನ್ನಾವರದ ಅಳಿವೆಯಲ್ಲೇ ಮುಗಿಯುತ್ತಿತ್ತು.

ಭಾನುವಾರ, ಮಿರ್ಜಾನ್

ಇಲ್ಲಿ ಹೆಚ್ಚು ಹೇಳುವುದಿಲ್ಲ, ಫೋಟೋ ಎಲ್ಲರೂ ನೋಡಿದ್ದೀರಿ. ಕೆಂಪು ಮುರಕಲ್ಲಿನ ಗೋಡೆ, ಮೇಲೆ ಹಸಿರು ಪಾಚಿ, ಒಳಗೆ ಬಾವಿಗಳು, ಸುರಂಗದ ಮೆಟ್ಟಿಲು. ಅಘನಾಶಿನಿಯ ಹಿನ್ನೀರು ಹತ್ತಿರವೇ. ಮೆಣಸು, ಗಂಧ, ಪೆಟ್ಲುಪ್ಪು ಇಲ್ಲಿಂದ ದೋಣಿ ಹತ್ತುತ್ತಿತ್ತು. ಪುರಾತತ್ವ ಇಲಾಖೆ ಅಗೆದಾಗ ಸಿಕ್ಕ ವಸ್ತುಗಳಲ್ಲಿ ಕಬ್ಬಿಣದ ಗುಂಡುಗಳೂ ಇದ್ದವು, ಚೀನಾದ ಪಿಂಗಾಣಿ ಚೂರುಗಳೂ ಇದ್ದವು. ಕೋಟೆಯೊಳಗೆ ಯಾರೋ ಚೀನಾದ ತಟ್ಟೆಯಲ್ಲಿ ಊಟ ಮಾಡುತ್ತಿದ್ದರು. ಭಾನುವಾರದ ಜನಜಂಗುಳಿಯಲ್ಲಿ ಮದುವೆಗೆ ಮೊದಲಿನ ಫೋಟೋ ತೆಗೆಸುವ ಜೋಡಿಗಳೇ ಹೆಚ್ಚು. ಬುರುಜಿನ ಮೇಲೆ ನಮಗೆ ಜಾಗ ಸಿಗಲಿಲ್ಲ.

ಸೋಮವಾರ, ಗೇರುಸೊಪ್ಪೆ

ದೆಲ್ಲಾ ವಾಲ್ಲೆಯ ಗುಂಪು ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದದ್ದು ದೋಣಿಯಲ್ಲಿ. ನಾವು ಹೊಳೆಯ ಪಕ್ಕದ ಹೆದ್ದಾರಿಯಲ್ಲಿ ಬಂದೆವು. ಎಡಕ್ಕೂ ಬಲಕ್ಕೂ ಅಡಿಕೆ ತೋಟ, ಪ್ರತಿ ಮರಕ್ಕೂ ಸುತ್ತಿದ ಬಳ್ಳಿ. ನವೆಂಬರಿನಲ್ಲಿ ಮೆಣಸಿನ ಕರೆ ಇನ್ನೂ ಹಸಿರು. ಒಂದನ್ನು ಕಿತ್ತು ಕಚ್ಚಿದೆ. ಮೊದಲು ಒಗರು, ಆಮೇಲೆ ನಾಲಗೆಯ ಬುಡದಲ್ಲಿ ಮೆಲ್ಲನೆ ಏರುವ ಖಾರ, ಕೊನೆಗೆ ಕಿವಿಯವರೆಗೆ ಬಿಸಿ. ಇದಕ್ಕಾಗಿ ಆಫ್ರಿಕಾ ಸುತ್ತಿ ಬಂದರು ಎಂಬುದು ಪುಸ್ತಕದಲ್ಲಿ ಓದಿದರೆ ಒಂದು, ಬಾಯಿ ಉರಿಯುವಾಗ ನೆನೆದರೆ ಇನ್ನೊಂದು.

ಹೊಳೆಯಾಚೆ ಕಾಡಿನಲ್ಲಿ ನಗರಬಸ್ತಿಕೇರಿ. ಹೆಸರಿನಲ್ಲಿ ನಗರವಿದೆ, ಬಸ್ತಿ ಇದೆ, ಕೇರಿಯೂ ಇದೆ. ಕಣ್ಣಿಗೆ ಬೀಳುವುದು ಮರ. ಅದರ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಗರ್ಭಗುಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ವರು ತೀರ್ಥಂಕರರು. ಯಾವ ಬಾಗಿಲಿನಿಂದ ಬಂದರೂ ಒಬ್ಬರ ಮುಖ ಕಾಣುತ್ತದೆ. ನಾನು ಸುತ್ತು ಹಾಕಿ ನಾಲ್ಕೂ ಕಡೆಯಿಂದ ನೋಡಿದೆ. ಮೂಡಲಿನ ಬಾಗಿಲಲ್ಲಿ ಬಿಸಿಲು ಮೂರ್ತಿಯ ಮಡಿಲಿನವರೆಗೆ ಬಂದಿತ್ತು, ಪಡುವಲಲ್ಲಿ ಬಾವಲಿಯ ವಾಸನೆ. ಹೊಸ್ತಿಲ ಕಲ್ಲು ಮಧ್ಯದಲ್ಲಿ ಸವೆದು ತಗ್ಗಾಗಿದೆ. ಕಾಡಿನಲ್ಲಿರುವ ಗುಡಿಯ ಹೊಸ್ತಿಲು ಅಷ್ಟು ಸವೆಯಬೇಕಾದರೆ ಅದು ಕಾಡಾಗುವ ಮುಂಚೆ ಎಷ್ಟು ಕಾಲು ತುಳಿದಿರಬೇಕು.

ಇದು ಚೆನ್ನಭೈರಾದೇವಿಯ ರಾಜಧಾನಿ. 1552ರಿಂದ 1606ರ ತನಕ, 54 ವರ್ಷ ಆಳಿದಳು ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಪೋರ್ಚುಗೀಸರು ಅವಳನ್ನು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ ಎಂದು ಕರೆದರು. ಹೆಸರಿನಲ್ಲಿ ಒಲವಿಗಿಂತ ಅಸಹಾಯಕತೆ ಹೆಚ್ಚು. ಕೆನರಾ ಮೆಣಸು ಮಲಬಾರಿನದಕ್ಕಿಂತ ದಪ್ಪ, ತೂಕದ್ದು. ಮಲಬಾರಿನ ಮೆಣಸು ಅವರ ಕಣ್ಣು ತಪ್ಪಿಸಿ ಕೆಂಪು ಸಮುದ್ರಕ್ಕೆ ಸೋರಿಹೋಗುತ್ತಿದ್ದ ಕಾಲದಲ್ಲಿ ಇಲ್ಲಿನದು ಬೇಕೇ ಬೇಕಾಯಿತು. ಘಟ್ಟದ ಮೇಲಿನ ತೋಟಗಳಿಂದ ಎತ್ತಿನ ಬೆನ್ನ ಮೇಲೆ, ಆಳಿನ ತಲೆಯ ಮೇಲೆ ಮೆಣಸು ಇಲ್ಲಿಗೆ ಇಳಿಯುತ್ತಿತ್ತು, ಇಲ್ಲಿಂದ ದೋಣಿ. ಕಡಲು ಪೋರ್ಚುಗೀಸರದು ಇರಬಹುದು, ತಕ್ಕಡಿ ಗೇರುಸೊಪ್ಪೆಯದು. ಹೊನ್ನಾವರದ ಕೋಟೆಯಲ್ಲಿ ಕೂತವನು ಹೊಳೆಯ ಬಾಯಿಯನ್ನು ಕಾಯಬಹುದು, ಹೊಳೆಯಲ್ಲಿ ಏನು ಇಳಿದು ಬರಬೇಕೆಂದು ಹೇಳುವಂತಿರಲಿಲ್ಲ.

ಅವಳೂ ಸುಮ್ಮನೆ ಕೂತವಳಲ್ಲ. 1570ರಲ್ಲಿ ಬಿಜಾಪುರದ ಆದಿಲ್‌ಶಾಹ ಗೋವೆಯನ್ನು, ಅಹಮದ್‌ನಗರದ ನಿಜಾಮ್‌ಶಾಹ ಚೌಲನ್ನು ಮುತ್ತಿದಾಗ, ಕಲ್ಲಿಕೋಟೆಯ ಸಾಮೂದಿರಿಯೂ ಕೂಡಿಕೊಂಡಾಗ, ಗೇರುಸೊಪ್ಪೆಯ ಸೈನ್ಯ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿತು. ಜೈನ ರಾಣಿ, ಇಬ್ಬರು ಸುಲ್ತಾನರು, ಒಬ್ಬ ಹಿಂದೂ ದೊರೆ, ಒಂದೇ ಹೊತ್ತಿಗೆ ಕೊಂಕಣದಿಂದ ಮಲಬಾರಿನ ತನಕ. ಕೋಟೆ ಬೀಳಲಿಲ್ಲ. ಆದರೆ ಇಡೀ ಪಶ್ಚಿಮ ಕರಾವಳಿ ಒಟ್ಟಾಗಿ ಎದ್ದದ್ದು ಆ ಶತಮಾನದಲ್ಲಿ ಅಪರೂಪ, ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲೂ ಇಲ್ಲದ್ದು ಬೇಸರದ ಸಂಗತಿ.

ಅವಳನ್ನು ಕೆಡವಿದವರು ಪೋರ್ಚುಗೀಸರಲ್ಲ. ಕೆಳದಿಯ ವೆಂಕಟಪ್ಪನಾಯಕ, ಉಳ್ಳಾಲದ ರಾಣಿ ನೆರವಿಗೆ ಕರೆದ ಅದೇ ನಾಯಕ, 1606ರ ಸುಮಾರಿಗೆ ಗೇರುಸೊಪ್ಪೆಯನ್ನು ಗೆದ್ದು ಮುದಿ ರಾಣಿಯನ್ನು ಸೆರೆಗೊಯ್ದ. ಸೆರೆಯಲ್ಲೇ ತೀರಿಕೊಂಡಳು. ಒಬ್ಬ ರಾಣಿಯ ರಕ್ಷಕ, ಇನ್ನೊಬ್ಬಳ ಜೈಲರು. ವ್ಯಾಪಾರದ ಕಣ್ಣಿನಿಂದ ನೋಡಿದರೆ ನಾಯಕನ ಲೆಕ್ಕ ಪಕ್ಕಾ: ಅಲ್ಲಿಯವರೆಗೆ ಒಬ್ಬೊಬ್ಬ ಅರಸನ ಜತೆ ಬೇರೆ ಬೇರೆ ಚೌಕಾಸಿ ಮಾಡುತ್ತಿದ್ದ ಪೋರ್ಚುಗೀಸರ ಎದುರು ಈಗ ಘಟ್ಟದ ಮೇಲೂ ಕೆಳಗೂ ಒಬ್ಬನೇ ಮಾರಾಟಗಾರ. ಅವಳು ಜೀವಮಾನವಿಡೀ ಕಾದ ತಕ್ಕಡಿ ಊರು ಬದಲಿಸಿತು, ಅಷ್ಟೇ.

ಹದಿನೇಳು ವರ್ಷದ ಮೇಲೆ ದೆಲ್ಲಾ ವಾಲ್ಲೆ ಬರುವ ಹೊತ್ತಿಗೆ ಅರಮನೆ ಬಿದ್ದು ಮರ ಬೆಳೆದಿತ್ತು, ಉಳಿದದ್ದು ಒಂದಷ್ಟು ರೈತರ ಗುಡಿಸಲು. ಹದಿನೇಳು ವರ್ಷಕ್ಕೆ! ಮಲೆನಾಡಿನ ಮಳೆಗೆ ಅಷ್ಟು ಸಾಕು.

ಘಟ್ಟ ಹತ್ತುವಾಗ ಅವನಿಗೆ ತನ್ನ ಊರಿನ ಅಪೆನೈನ್ ಬೆಟ್ಟ ನೆನಪಾಯಿತಂತೆ. ದಾರಿಯ ಗುಡಿಯೊಂದರ ಜಗಲಿಯಲ್ಲಿ ಕೆಲವು ಹುಡುಗರು ನೆಲಕ್ಕೆ ನಯವಾದ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ಬರೆದದ್ದನ್ನೇ ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಇರಲಿಲ್ಲ. ಮರೆತರೆ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದ್ದಕ್ಕೆ, ಎಲ್ಲರೂ ಒಟ್ಟಿಗೆ ಮರೆಯುವುದು ಸಾಧ್ಯವೇ ಇಲ್ಲ ಎಂಬಂಥ ಉತ್ತರ ಕೊಟ್ಟರು. ಇಡೀ ಪ್ರವಾಸದಲ್ಲಿ ಅವನಿಗೆ ಬುದ್ಧಿವಂತರಾಗಿ ಕಂಡವರು ರಾಯಭಾರಿಗಳಲ್ಲ, ಈ ಹುಡುಗರು ಎಂದು ನನ್ನ ಅನುಮಾನ. ಮೆಣಸಿನ ದಾರಿಯಲ್ಲಿ ಮಗ್ಗಿ ಕಲಿಯುವ ಮಕ್ಕಳು. ಮುಂದೆ ಯಾವ ಶ್ಯಾನುಭೋಗನ ಮನೆ ಸೇರಿದರೋ.

ಮಾಲೇಮನೆ ಘಾಟಿಯ ತಿರುವುಗಳಲ್ಲಿ ಲಾರಿಗಳ ಹಿಂದೆ ತೆವಳಿ, ಜೋಗದಲ್ಲಿ ಇಣುಕಿ (ನೀರು ನೂಲಿನಷ್ಟಿತ್ತು), ಕತ್ತಲಾಗುವಾಗ ಸಾಗರ.

ಮಂಗಳವಾರ, ಇಕ್ಕೇರಿ ಮತ್ತು ಕೆಳದಿ

ಅಘೋರೇಶ್ವರ ದೇವಸ್ಥಾನಕ್ಕೆ ಬೆಳಗ್ಗೆಯೇ ಹೋದೆವು. ಬೂದುಬಣ್ಣದ ಕಲ್ಲಿನ ಎತ್ತರದ ಕಟ್ಟಡ, ಜಾಲಂದ್ರದ ಕಿಟಕಿಗಳು, ಎದುರಿಗೆ ನಂದಿಯ ಮಂಟಪ. ಊರು ಎಂಬುದು ಏನೂ ಉಳಿದಿಲ್ಲ. 1623ರಲ್ಲೂ ಇಕ್ಕೇರಿಯಲ್ಲಿ ಮನೆಗಳು ವಿರಳ, ಸುತ್ತ ಬಿದಿರಿನ ಬೇಲಿ. ಜಗತ್ತಿನ ಮೆಣಸಿನ ದರ ನಿಗದಿ ಮಾಡುತ್ತಿದ್ದ ರಾಜಧಾನಿಗೆ ಬಿದಿರಿನ ಬೇಲಿ.

ಒಳಗೆ ನೆಲ ನೋಡಿಕೊಂಡು ನಡೆಯಿರಿ. ಗರ್ಭಗುಡಿಯ ಎದುರು ನೆಲಹಾಸಿನಲ್ಲಿ ಸಾಷ್ಟಾಂಗ ಬಿದ್ದ ನಾಯಕರ ಉಬ್ಬುಚಿತ್ರಗಳಿವೆ, ತಲೆಯ ಮೇಲೆ ಹೆಸರು. ಅವರಲ್ಲೊಬ್ಬ ಹುಚ್ಚ ಸೋಮಶೇಖರ. ಅವನಿಗೆ ಕೈಕೋಳ, ಕಾಲಿಗೆ ಸಂಕಲೆ. ದೇವರ ದರ್ಶನಕ್ಕೆ ಹೋಗುವವರೆಲ್ಲ ತುಳಿದುಕೊಂಡೇ ಹೋಗಬೇಕು. ಭಕ್ತಿ ಹೌದು, ಸಂಕಲೆ ತೊಟ್ಟ ಅರಸನನ್ನು ಹಾಗೇ ಕೆತ್ತಿಟ್ಟ ಧೈರ್ಯವೂ ಹೌದು.

ಇನ್ನೊಂದು ಗುರುತು ಹುಡುಕಲು ಹೊತ್ತು ಹಿಡಿಯಿತು. ದೇವಸ್ಥಾನದ ಅಧಿಷ್ಠಾನದ ಕಲ್ಲಿನ ಮೇಲೆ ಒಂದು ಅಳತೆ ಕೊರೆದಿದ್ದಾರೆ, 18 ಅಡಿ 6 ಅಂಗುಲ. ನಡುವಣ ಕಂಬಗಳ ಅಂತರವೇ ತೋಟದ ಜಮೀನು ಅಳೆಯುವ ಕೋಲು. ಅರಸನ ಆಳು ತಂದ ಕೋಲು ಗಿಡ್ಡವೋ ಉದ್ದವೋ ಎಂದು ಅನುಮಾನ ಬಂದರೆ ಇಲ್ಲಿಗೆ ಬಂದು ತಾಳೆ ನೋಡಬಹುದು. ಶಿವಪ್ಪನಾಯಕನ ಶಿಸ್ತು ಎಂದು ಹೆಸರಾದ ಕಂದಾಯ ಪದ್ಧತಿ ನಿಂತದ್ದು ಇಂಥ ಕೋಲಿನ ಮೇಲೆ. ಹನ್ನೆರಡು ವರ್ಷ ಊರೂರಿನಲ್ಲಿ ಬಗೆಬಗೆಯ ಮಣ್ಣಿನ ಗದ್ದೆ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಬರೆಸಿ, ಸರಾಸರಿ ತೆಗೆದು ಮೂರರಲ್ಲೊಂದು ಪಾಲು ಅರಮನೆಗೆ ಎಂದು ಗೊತ್ತುಮಾಡಿದನೆಂದು ಹೇಳುತ್ತಾರೆ. ಮೂರರಲ್ಲೊಂದು ಕಡಿಮೆಯೇನಲ್ಲ. ಆದರೆ ಎಷ್ಟು ಕೊಡಬೇಕೆಂದು ಮೊದಲೇ ಗೊತ್ತಿರುವುದು ರೈತನಿಗೆ ದೊಡ್ಡ ಸಂಗತಿ. ಪೋರ್ಚುಗೀಸರನ್ನು ಕೋಟೆಗಳಿಂದ ಓಡಿಸಿದ ಸೈನ್ಯದ ಸಂಬಳ ಬಂದದ್ದು ಈ ಕೋಲಿನಿಂದಲೇ. ಅಂಗೈ ಇಟ್ಟು ನೋಡಿದೆ. ಗೀಟು ಇನ್ನೂ ಬೆರಳಿಗೆ ತಾಗುತ್ತದೆ.

ರಾಯಭಾರದ ಕತೆ ಏನಾಯಿತು? ವೆಂಕಟಪ್ಪನ ಕಡೆಯಿಂದ ಗೋವೆಗೆ ಹೋಗಿ ಪೋರ್ಚುಗೀಸರ ಜತೆಗೇ ಮರಳಿದವನು ವಿಠ್ಠಲ ಶೆಣೈ. ಎರಡೂ ಕಡೆಯ ಮಾತು ಬಲ್ಲವನು, ಅವನಿಲ್ಲದೆ ಮಾತುಕತೆ ನಡೆಯುತ್ತಿರಲಿಲ್ಲ. ಬಂಗರಸನ ರಾಜ್ಯ ಹಿಂದಿರುಗಿಸಿ ಎಂದು ರಾಯಭಾರಿ ಕೇಳಿದ, ನಾಯಕ ಕೊಡಲಿಲ್ಲ. ಮೆಣಸು ಕೊಳ್ಳುವವರು ತೀರ ಗಟ್ಟಿ ದನಿಯಲ್ಲಿ ಮಾತಾಡುವಂತೆಯೂ ಇರಲಿಲ್ಲ. ದೆಲ್ಲಾ ವಾಲ್ಲೆ ಈ ನಡುವೆ ಬೀದಿ ಸುತ್ತಿದ. ಸಹಗಮನಕ್ಕೆ ಹೊರಟ ಒಬ್ಬ ತೆಲುಗು ಹೆಂಗಸನ್ನು ಕಂಡು, ಬೇಡವೆಂದು ಹೇಳಿ ಸೋತು, ಅವಳ ಮೇಲೆ ಕವಿತೆ ಬರೆದ. ಹೆಂಡತಿಯ ಹೆಣ ಹೊತ್ತವನು ಗಂಡನ ಹೆಣದ ಜತೆ ಹೋಗುವವಳಿಗೆ ಬುದ್ಧಿ ಹೇಳಿದ ಆ ಪುಟಗಳನ್ನು ನಾನು ಬೇಗ ಓದಿ ದಾಟಲಾರೆ.

ಮಧ್ಯಾಹ್ನ ಕೆಳದಿ, ರಾಮೇಶ್ವರ ದೇವಸ್ಥಾನದ ಚಾವಣಿಯ ಗಂಡಭೇರುಂಡ, ವಸ್ತುಸಂಗ್ರಹಾಲಯ. ಆಮೇಲೆ ಗೆಳೆಯನ ನೆಂಟರ ಮನೆ. ಅಡಿಕೆ ಸುಲಿಯುವ ಕಾಲ, ಅಂಗಳದ ತುಂಬ ಸಿಪ್ಪೆ. ಯಜಮಾನರು ಅಪ್ಪೆಹುಳಿ ಕುಡಿಸಿ ತೋಟ ತೋರಿಸಿದರು. "ಮೆಣಸಿಗೆ ಕೊಳೆರೋಗ ಬಂದು ಅರ್ಧ ಬಳ್ಳಿ ಹೋತು. ಉಳದ್ದಕ್ಕೆ ದರ ಇದ್ದಾ? ವಿಯೆಟ್ನಾಂ ಮೆಣಸು ಶ್ರೀಲಂಕಾ ಮೇಲಿಂದ ಬಂದು ಬೀಳ್ತು" ಎಂದರು. ಮಂಡಿಯ ದರವನ್ನು ಅವರು ದಿನಕ್ಕೆ ಮೂರು ಸಲ ಮೊಬೈಲಿನಲ್ಲಿ ನೋಡುತ್ತಾರೆ.

ಬುಧವಾರ, ನಗರ

ಹೊಸನಗರ ದಾಟಿ ನಗರ. ಹಳೆಯ ಬಿದನೂರು. 1639ರ ಸುಮಾರಿಗೆ ವೀರಭದ್ರನಾಯಕ ರಾಜಧಾನಿಯನ್ನು ಇಕ್ಕೇರಿಯಿಂದ ಇಲ್ಲಿಗೆ ತಂದ. ಏಕೆಂದು ಕೋಟೆಯ ಮೇಲೆ ನಿಂತರೆ ಗೊತ್ತಾಗುತ್ತದೆ: ಸುತ್ತ ಗುಡ್ಡ, ಕೆಳಗೆ ಹುಲಿಕಲ್ ಕಣಿವೆ, ಕಣಿವೆಯ ತುದಿಯಲ್ಲಿ ಬಸರೂರು. ಮಾಲು ಎಲ್ಲಿಂದ ಇಳಿಯುತ್ತದೋ ಅಲ್ಲಿಯೇ ಅರಮನೆ.

1689ರಲ್ಲಿ ಔರಂಗಜೇಬನ ಕಡೆಯವರು ಅಟ್ಟಿಸಿಕೊಂಡು ಬರುತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟು ಜಿಂಜಿಯ ಕಡೆ ದಾಟಿಸಿದಳು. ಅಪ್ಪ ಬಸರೂರನ್ನು ದೋಚಿದ್ದ. ಇಪ್ಪತ್ತನಾಲ್ಕು ವರ್ಷದ ಮೇಲೆ ಅದೇ ಸಂಸ್ಥಾನದ ರಾಣಿ ಮಗನ ಜೀವ ಉಳಿಸಿದಳು. ಮೊಗಲ್ ಸೈನ್ಯ ಬಂತು, ಅದನ್ನೂ ಎದುರಿಸಿದಳು.

1763ರಲ್ಲಿ ಹೈದರಾಲಿ ಈ ಕೋಟೆ ಹಿಡಿದು ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದ, ಊರಿಗೆ ಹೈದರನಗರ ಎಂದು ಹೆಸರಿಟ್ಟ. ಆದರೆ ಒಂದನ್ನು ಅವನು ಬದಲಿಸಲಿಲ್ಲ. ಇಕ್ಕೇರಿ ವರಹದ ಒಂದು ಮುಖದಲ್ಲಿ ಶಿವಪಾರ್ವತಿ, ಇನ್ನೊಂದು ಮುಖದಲ್ಲಿ ಶ್ರೀ ಸದಾಶಿವ ಎಂಬ ನಾಗರಿ ಬರಹ. ಹೈದರ್ ತನ್ನ ವರಹ ಟಂಕಿಸಿದಾಗ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಒತ್ತಿಸಿದ. ಕೋಟೆ ಗೆದ್ದವನಿಗೂ ಚಿನಿವಾರನ ನಂಬಿಕೆಯನ್ನು ಕತ್ತಿಯಿಂದ ಗೆಲ್ಲಲಾಗದು ಎಂಬ ಅರಿವಿತ್ತು. ಬೆಂಗಳೂರಿನ ವಸ್ತುಪ್ರದರ್ಶನವೊಂದರಲ್ಲಿ ಎರಡೂ ನಾಣ್ಯಗಳನ್ನು ಅಕ್ಕಪಕ್ಕ ಇಟ್ಟದ್ದು ನೋಡಿದ್ದೆ. ಒಂದೇ ಬದಿ ತಿರುಗಿಸಿಟ್ಟರೆ ಬೇರೆ ಮಾಡಲು ಕಷ್ಟ.

ಕೋಟೆಯಲ್ಲಿ ಅಕ್ಕತಂಗಿ ಕೊಳ, ಮೇಲೆ ದರ್ಬಾರಿನ ಅಡಿಪಾಯ, ಗೋಡೆಯುದ್ದಕ್ಕೂ ಸೀಗೆಮುಳ್ಳು. ಹತ್ತಿರದ ದೇವಗಂಗೆಯ ಕೊಳಗಳನ್ನು ಬಿಡಬೇಡಿ. ತಾವರೆ, ನಕ್ಷತ್ರದ ಆಕಾರದ ಕಲ್ಲಿನ ತೊಟ್ಟಿಗಳಿಗೆ ಗುಡ್ಡದ ನೀರು ಇಂದಿಗೂ ಒಂದರಿಂದೊಂದಕ್ಕೆ ಹರಿದುಹೋಗುತ್ತದೆ.

ಈ ಸೀಮೆಯವರು ಕೊನೆಯ ಸಲ ಎದ್ದದ್ದು ನಾಯಕರು ಹೋಗಿ ಎಷ್ಟೋ ಕಾಲದ ಮೇಲೆ. 1830ರಲ್ಲಿ ಮೈಸೂರಿನ ಕಂದಾಯ ತಡೆಯಲಾರದೆ ನಗರ ಪ್ರಾಂತ್ಯದ ರೈತರು ಕೂಟ ಸೇರಿದರು, ಕಂದಾಯ ಕೊಡೆವು ಎಂದರು. ಮುಂದಾಳಾಗಿ ನಿಂತ ಬೂದಿ ಬಸಪ್ಪ ತಾನು ನಗರದ ಗದ್ದುಗೆಯ ವಾರಸುದಾರ ಎಂದು ಸಾರಿದ. ಸೈನ್ಯ ಬಂತು, ಊರುಗಳು ಸುಟ್ಟವು, 1831ರಲ್ಲಿ ಬ್ರಿಟಿಷರು ಇದನ್ನೇ ಕಾರಣ ಮಾಡಿಕೊಂಡು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅರಸರಿಗೆ ಹಿಂದಿರುಗಿಸಿದ್ದು 1881ರಲ್ಲಿ. ಬೂದಿ ಬಸಪ್ಪ ನಿಜವಾಗಿ ಕೆಳದಿಯವನೇ ಎಂದು ಗೆಳೆಯ ಕೇಳಿದ. ಅಲ್ಲ. ಆದರೆ ಅವನು ಆ ಹೆಸರು ಹೇಳಿದಾಗ ರೈತರು ಹಿಂದೆ ಬಂದರು, ಅದು ಮಾತ್ರ ನಿಜ.

ಮೂರು ಗಂಟೆಗೆ ಹುಲಿಕಲ್ ಇಳಿಯಲು ಶುರು. ಚಂಡಿಕಾಂಬೆಯ ಗುಡಿಯ ಮುಂದೆ ಲಾರಿಗಳೆಲ್ಲ ನಿಂತು ಕೈಮುಗಿದು ಹೋಗುತ್ತವೆ, ನಾವೂ ನಿಂತೆವು. ಕವಲೇದುರ್ಗ ಬಿಟ್ಟುಹೋಯಿತೆಂದು ಗೆಳೆಯ ಹೊಸಂಗಡಿಯ ತನಕ ಗೊಣಗಿದ. ಅದಕ್ಕೆ ಒಂದಿಡೀ ದಿನ ಬೇಕು, ಜಿಗಣೆ ಕಡಿಮೆಯಾಗುವ ಜನವರಿಯಲ್ಲಿ ತೀರ್ಥಹಳ್ಳಿಯ ಕಡೆಯಿಂದ ಹೋಗುವುದು ವಾಸಿ.